ಮಾವಿನಕೊಪ್ಪದ ಖಾಲಿ ಜಾಗ

ಮಾವಿನಕೊಪ್ಪದ ಹತ್ತಿರ ಲಾರಿಗಳು ಯಾರಿಗೋ ದಾರಿ ಬಿಡುತ್ತಿದ್ದವು. ಯಾರಿಗೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿಯಲ್ಲಿ ಊರಿನ ಸರ್ವಿಸ್ ರಸ್ತೆ ಎಡಗಡೆಯಿಂದ ಏರಿ ಬಂದು ಸೇರುವ ಜಾಗ ಅದು. ಎಂಜಿನಿಯರರ ಬಾಯಲ್ಲಿ ರ್‍ಯಾಂಪ್. ಆ ಹೆದ್ದಾರಿಯಲ್ಲಿ ಡ್ರೈವರಿಲ್ಲದ ಲಾರಿಗಳು ಓಡಲು ಶುರುವಾಗಿ ಎರಡು ವರ್ಷವಾಗಿತ್ತು. ಒಟ್ಟು ನಾಲ್ಕು ಸಾವಿರದ ಇನ್ನೂರು ಲಾರಿ. ಉಳಿದೆಲ್ಲ ಕಡೆ ಅವು ನೆಟ್ಟಗೇ ಓಡುತ್ತಿದ್ದವು. ಮಾವಿನಕೊಪ್ಪ ಬಂತೆಂದರೆ ಸಾಕು, ರ್‍ಯಾಂಪಿನ ಮೇಲೆ ಒಂದು ನಾಯಿ ಕೂಡ ಇಲ್ಲದಿದ್ದರೂ ಅರವತ್ತರ ವೇಗದಿಂದ ಮೂವತ್ತೆಂಟಕ್ಕೆ ಇಳಿದುಬಿಡುತ್ತಿದ್ದವು. ಮುಂದೆ ಒಂದು ಸಣ್ಣ ಟೆಂಪೊ ಹಿಡಿಸುವಷ್ಟು ಜಾಗ ಬಿಟ್ಟು, ಆರು ಸೆಕೆಂಡು ಕಾದು, ಆಮೇಲೆ ಮುಂದೆ ಹೋಗುತ್ತಿದ್ದವು.

ಮೊದಮೊದಲು ರಸ್ತೆ ಖಾಲಿಯಿತ್ತು, ಇದು ಯಾರ ಕಣ್ಣಿಗೂ ಬೀಳಲಿಲ್ಲ. ಈ ಬೇಸಿಗೆಯಲ್ಲಿ ಹೊಸ ಬೈಪಾಸ್ ಬಂದು ಕೂಡಿಕೊಂಡ ಮೇಲೆ ಹಿಂದೆ ಬರುವ ಗಾಡಿಗಳು ಒಂದರ ಬೆನ್ನಿಗೊಂದು ಮುಗ್ಗರಿಸತೊಡಗಿದವು. ಎರಡು ಸಣ್ಣ ಡಿಕ್ಕಿಯಾದವು. ಮೂರನೆಯದು ಸಣ್ಣದಾಗಿರಲಿಲ್ಲ. ಡ್ಯೂಟಿಗೆ ಹೊರಟಿದ್ದ ಒಬ್ಬ ನರ್ಸ್ ಲಾರಿಯ ಹಿಂದೆ ಸ್ಕೂಟರ್ ನಿಧಾನಿಸಿದಳು, ಅವಳ ಹಿಂದಿನ ಕಾರಿನವನು ನಿಧಾನಿಸಲಿಲ್ಲ. ಅವಳ ಎಡಗಾಲು ಹೋಯಿತು.

ಅದಾದ ನಾಲ್ಕನೆಯ ದಿನ ಕಂಟ್ರೋಲ್ ರೂಮಿನಿಂದ ಮೌಲಾಸಾಬ್ ನದಾಫನಿಗೆ ಫೋನು ಬಂತು. ಯಾಕೆಂದರೆ ಆ ನಾಲ್ಕು ಸಾವಿರದ ಇನ್ನೂರು ಲಾರಿಗಳಲ್ಲಿ ಇದ್ದದ್ದು ಅವನ ಕಾಲು.

ಇದೇನು ಮಾತು, ಒಬ್ಬನ ಕಾಲು ಅಷ್ಟು ಲಾರಿಗಳಲ್ಲಿ ಹೇಗಿರುತ್ತದೆ ಅಂತ ನೀವು ಕೇಳುವುದು ಸರಿಯೇ. ಆ ಲಾರಿಗಳಿಗೆ ಮೊದಲು ಕಾನೂನು ಪುಸ್ತಕ ಕಲಿಸಿದ್ದರು. ನೇರ ರಸ್ತೆಯಲ್ಲಿ ಬಂಗಾರದಂತೆ ಓಡಿದವು. ರ್‍ಯಾಂಪ್ ಬಂದಲ್ಲಿ ಮಾತ್ರ ಕಂಗಾಲಾದವು. ನಮ್ಮ ರಸ್ತೆಯಲ್ಲಿ ಎಡದಿಂದ ನುಗ್ಗಿ ಬರುವವನು ಯಾವ ಪುಸ್ತಕ ಓದಿ ಬರುತ್ತಾನೆ ಹೇಳಿ! ಆಮೇಲೆ ಹನ್ನೊಂದು ಮಂದಿ ಪಳಗಿದ ಡ್ರೈವರುಗಳ ಕಾಲಿಗೆ, ಅಂಗೈಗೆ, ಕಣ್ಣಂಚಿಗೆ ಅಲುಗಾಟ ಅಳೆಯುವ ಪಟ್ಟಿ ಕಟ್ಟಿ, ವರ್ಷವಿಡೀ ಓಡಿಸಿ, ಹನ್ನೊಂದು ಜನರ ಸರಾಸರಿ ತೆಗೆದು ಯಂತ್ರಕ್ಕೆ ಕಲಿಸಿದರು. ಅದು ಇನ್ನೂ ಕೆಟ್ಟಿತು. ಒಬ್ಬ ವೇಗ ಹೆಚ್ಚಿಸಿ ದಾಟಿಬಿಡುತ್ತಾನೆ, ಇನ್ನೊಬ್ಬ ಆಕ್ಸಿಲರೇಟರಿನಿಂದ ಕಾಲು ತೆಗೆದು ಜಾಗ ಕೊಡುತ್ತಾನೆ. ಇಬ್ಬರೂ ಸರಿಯೇ. ಆದರೆ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಲಾರಿ ನೇರ ಹೋಗಿ ಗುದ್ದುತ್ತದೆ. ಕೊನೆಗೆ ಒಬ್ಬನದೇ ಕಾಲು ಸಾಕು ಎಂದು ತೀರ್ಮಾನವಾಗಿ, ಆ ಹನ್ನೊಂದು ಜನರಲ್ಲಿ ಹದಿನೇಳು ವರ್ಷ ಒಂದು ಗೀರು ಕೂಡ ಮಾಡಿಕೊಳ್ಳದ ಮೌಲಾಸಾಬನನ್ನು ಆರಿಸಿದ್ದರು.

ಅವನು ಕಲಿಸಿದ್ದಾದರೂ ಏನು? ಪಟ್ಟಿ ಕಟ್ಟಿಸಿಕೊಂಡ ಮೊದಲ ದಿನ ಎಂಜಿನಿಯರುಗಳಿಗೆ ಅವನು ಹೇಳಿದ್ದು ಇಷ್ಟೇ: "ಸೇರೋ ಜಾಗ ಬರೂಕಿಂತ ಮೊದಲನ ಬಲಗಡೆ ಖಾಲಿ ಇದ್ರ ಸರದುಬಿಡ್ರಿ. ಇಲ್ಲಂದ್ರ ಕಾಲು ತಗೀರಿ, ಬ್ರೇಕ್ ತುಳೀಬ್ಯಾಡ್ರಿ, ಹಿಂದಿನವ ಸಾಯ್ತಾನ. ಬರಾವನ ಮಾರಿ ನೋಡಬ್ಯಾಡ್ರಿ, ಮಾರಿ ಸುಳ್ಳು ಹೇಳ್ತೈತಿ. ಅವನ ಮುಂದಿನ ಗಾಲಿ ನೋಡ್ರಿ. ಒಮ್ಮೆ ಜಾಗ ಕೊಟ್ಟಮ್ಯಾಲ ಮನಸು ಬದಲು ಮಾಡಬ್ಯಾಡ್ರಿ."

ಕಂಟ್ರೋಲ್ ರೂಮಿನಲ್ಲಿ ತೇಜಸ್ವಿನಿ ಮಮದಾಪುರ ಎಂಬ ಎಂಜಿನಿಯರ್ ಅವನಿಗಾಗಿ ಕಾಯುತ್ತಿದ್ದಳು. ಅವನ ಕಾಲಿಗೆ ಪಟ್ಟಿ ಕಟ್ಟಿದವಳೂ ಅವಳೇ. ಗೋಡೆಯ ತುಂಬ ಹರಡಿದ್ದ ಪರದೆಯಲ್ಲಿ ಮಾವಿನಕೊಪ್ಪದ ಚಿತ್ರ ಓಡುತ್ತಿತ್ತು. ಒಂದು ಲಾರಿ ಬಂತು, ನಿಧಾನವಾಯಿತು, ಕಾಯಿತು, ಹೋಯಿತು. ಮತ್ತೊಂದು ಬಂತು. ಅದೂ ಅಷ್ಟೇ. ಮೌಲಾಸಾಬ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕಾಕಾ, ಇದನ್ನ ಯಂತ್ರ ತಾನ ಕಲತಿದ್ದಲ್ಲ," ತೇಜಸ್ವಿನಿ ಮೆಲ್ಲಗೆ ಹೇಳಿದಳು. "ಹಳೇ ದಾಖಲೆ ತಗದು ನೋಡಿದೆ. ಕಲಿಸೂ ಮುಂದ ನೀವು ಇಲ್ಲಿ ಇನ್ನೂರಾ ಹದಿನಾರು ಸಲ ಹಾದೀರಿ. ಇನ್ನೂರಾ ಹದಿನಾರು ಸಲನೂ ಕಾಲು ತಗದೀರಿ. ರ್‍ಯಾಂಪ್ ಖಾಲಿ ಇದ್ದಾಗನೂ. ಕಣ್ಣು ಎಡಗನ್ನಡಿ ಬಿಟ್ಟು ಅಲ್ಲಾಡಿಲ್ಲ. ಅಲ್ಲಿ ನಿಮಗ ಏನು ಕಾಣ್ತದರಿ?"

"ಏನಿಲ್ರಿ ಮೇಡಂ. ರೂಢಿ."

"ಬರೇ ಈ ಒಂದು ಜಾಗ ಅಳಿಸಿ ನೋಡಿದ್ವಿ. ಆಗಲಿಲ್ಲ. ಇದನ್ನ ಕಿತ್ತರ ಬಾಕಿ ಎಲ್ಲಾ ಕಡೆ ಖರೇನ ಬರೋ ಗಾಡಿಗೂ ಜಾಗ ಬಿಡೂದನ್ನ ಮರೀತಾವ. ನಿಮ್ಮ ಕಾಲಿನ ಎಲ್ಲಾ ಪಾಠ ಇಲ್ಲೇ ಗಂಟು ಬಿದ್ದಾವ ಕಾಕಾ. ಬಿಚ್ಚೂದು ನಿಮ್ಮಿಂದನ ಆಗಬೇಕು. ಖಾಲಿ ರ್‍ಯಾಂಪಿನ ಮುಂದ ಹತ್ತು ಸಲ ಕಾಲು ತಗೀದ ಹಾದುಹೋಗ್ರಿ, ಸಾಕು. ಅದು ಕಲಿತದ."

ಹತ್ತು ಸಲ! ಕೇಳಲು ಎಷ್ಟು ಸಣ್ಣ ಮಾತು.

ಒಳಗಿನ ಕೋಣೆಯಲ್ಲಿ ಲಾರಿಯ ಕ್ಯಾಬಿನ್ನಿನಂಥದೇ ಒಂದು ಪೆಟ್ಟಿಗೆ ಇತ್ತು, ಸುತ್ತ ಪರದೆ. ಮೌಲಾಸಾಬ್ ಹತ್ತಿ ಕುಳಿತ. ಪರದೆಯ ಮೇಲೆ ರಸ್ತೆ ಓಡಿತು, ಮಾವಿನಕೊಪ್ಪದ ಸಣ್ಣ ಸೇತುವೆಯ ಬಿಳಿ ಗೋಡೆ ಕಂಡಿತು. ಅದು ಬರಿಯ ಚಿತ್ರ, ಕೂತಿರುವುದು ಕುರ್ಚಿಯ ಮೇಲೆ ಎಂದು ಗೊತ್ತಿದ್ದೂ ಕಾಲು ಎದ್ದಿತು. ಮತ್ತೆ ಹೋದ, ಮತ್ತೆ ಎದ್ದಿತು. ಏಳನೆಯ ಸಲ ಬಲಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದುಕೊಂಡ. ಆ ಕಾಲು ಅವನ ಕೈಯನ್ನೂ ಎತ್ತಿಕೊಂಡೇ ಎದ್ದಿತು. ಅವನ ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು.

"ಎಡಸೀಟು ಖಾಲಿ ಐತಿ, ಅದಕ್ಕ," ಎಂದ ಕೊನೆಗೆ, ಹೊರಗೆ ಇಳಿಯುತ್ತ. "ಲಾರಿ ಡ್ರೈವರಗ ಎಡಗಡೆ ಕುರುಡು ಮೇಡಂ. ಎಡಕ್ಕ ಕುಂತಾಂವ 'ಖಾಲಿ ಐತಿ, ಹೋಗು' ಅಂತ ಬಾಗಿಲ ಬಡದ್ರ ನಾವು ಹೋಗ್ತೀವಿ. ಕಣ್ಣು ಮುಚ್ಚಿ ನಂಬೂವಂಥವ್ರು ಬೇಕು ಅಲ್ಲಿ."

"ಯಾರನ್ನ ನಂಬ್ತೀರಿ?"

ಅವನಿಗೆ ಒಂದೇ ಹೆಸರು ಹೊಳೆಯಿತು.

ಚಾಂದಬಿ, ಅವನ ಹೆಂಡತಿ. ಮದುವೆಯಾದ ಹೊಸತರಲ್ಲಿ ಮೂರು ವರ್ಷ ಅವನ ಲಾರಿಯ ಎಡಸೀಟಿನಲ್ಲಿ ಕೂತು ಊರೂರು ತಿರುಗಿದವಳು. ಓಣಿಯವರು ಆಡಿಕೊಂಡರೂ ಕ್ಯಾರೇ ಎನ್ನಲಿಲ್ಲ. ಅವಳು ಬಾಗಿಲು ಬಡಿದು "ಖಾಲಿ" ಎಂದಳೆಂದರೆ ಅದು ಖಾಲಿಯೇ. ಮಗಳು ಹುಟ್ಟಿದ ಮೇಲೆ ಲಾರಿ ಹತ್ತುವುದು ನಿಂತಿತು. ಆದರೂ ಪ್ರತಿ ಉರುಸಿಗೆ ಹಸಿರು ಉಣ್ಣೆಯ ಗೊಂಡೆ ಕಟ್ಟಿ, ತಾನು ಕೂರುತ್ತಿದ್ದ ಎಡಗಡೆಯ ಕನ್ನಡಿಗೆ ತಾನೇ ತೂಗುಬಿಡುತ್ತಿದ್ದಳು.

ಹಳೇಹುಬ್ಬಳ್ಳಿಯ ಮನೆಗೆ ಅವನು ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಟಿವಿಯಲ್ಲಿ ಮಾವಿನಕೊಪ್ಪದ ಸುದ್ದಿ ಬಂದಿತ್ತು. ಹತ್ತು ಸಲದ ಮಾತನ್ನೂ ಎಡಸೀಟಿನ ಮಾತನ್ನೂ ಅವನು ಹೇಳಿದ.

"ನಮ್ಮ ರಾಜೇಸಾ ಹೋದ ಜಾಗ ಅಲ್ಲೇನ್ರಿ ಅದು?" ಎಂದಳು, ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಳ್ಳುತ್ತ. "ಅದಕ್ಕ ನಿಮ್ಮ ಕಾಲು ಅಲ್ಲಿ ನಿಲ್ತೈತಿ. ನಿಮ್ಮ ತಪ್ಪಿಲ್ಲಂತ ಎಷ್ಟು ಸಲ ಹೇಳೀನಿ. ಕಾಣಲಿಲ್ಲ, ಕಾಣಲಿಲ್ಲ. ಕಾಣದ್ದಕ್ಕ ಯಾರು ಏನು ಮಾಡಾಕ ಆಕ್ಕೈತಿ? ನಾ ಬರ್ತೀನಿ ನಾಳೆ. ಎಡಸೀಟಿನ್ಯಾಗ ನಾ ಕುಂದರ್ತೀನಿ."

ರಾಜೇಸಾ ಅವಳ ಬೆನ್ನಿಗೆ ಹುಟ್ಟಿದ ತಮ್ಮ. ಹತ್ತೊಂಬತ್ತು ವರ್ಷದ ಹಿಂದೆ ಮಾವಿನಕೊಪ್ಪದಲ್ಲಿ ಅವನ ಟೆಂಪೊ ಒಂದು ಲಾರಿಗೂ ಸೇತುವೆಯ ಗೋಡೆಗೂ ನಡುವೆ ಸಿಕ್ಕಿತ್ತು. ಲಾರಿ ಮೌಲಾಸಾಬನದು. ಪಕ್ಕದ ರಸ್ತೆಯಿಂದ ಬರುವವನೇ ನಿಲ್ಲಬೇಕಿತ್ತು ಎಂದು ಕೋರ್ಟು ಮೌಲಾಸಾಬನನ್ನು ಬಿಟ್ಟಿತ್ತು. ಆ ಮೇಲೆ ಆರು ತಿಂಗಳು ಅವನು ಅನ್ನ ನೀರು ಬಿಟ್ಟು ಗೋಡೆ ನೋಡುತ್ತ ಕುಳಿತಾಗ, ತಮ್ಮನನ್ನು ಕಳೆದುಕೊಂಡ ಆ ಹೆಣ್ಣೇ ತುತ್ತು ಮಾಡಿ ಅವನ ಬಾಯಿಗಿಟ್ಟು "ನಿಮ್ಮ ತಪ್ಪಲ್ಲ" ಎನ್ನುತ್ತಿದ್ದಳು.

ಮರುದಿನ ಬೆಳಿಗ್ಗೆ ರ್‍ಯಾಂಪನ್ನೂ ಹೆದ್ದಾರಿಯ ಎಡಗಡೆಯ ಸಾಲನ್ನೂ ಪೊಲೀಸರು ಮುಚ್ಚಿಸಿದರು. ಮೌಲಾಸಾಬನ ಕಾಲಿಗೆ ಪಟ್ಟಿ ಕಟ್ಟಿ ನಿಜವಾದ ಲಾರಿಯನ್ನೇ ಕೊಟ್ಟರು. ಚಾಂದಬಿ ಸೆರಗು ಸಿಕ್ಕಿಸಿ ಎಡಸೀಟು ಹತ್ತಿದಳು. ಅರವತ್ತರ ಹೆಂಗಸು ಆ ಮೆಟ್ಟಿಲು ಏರಿದ ಠೀವಿಗೆ ತೇಜಸ್ವಿನಿ ನಕ್ಕೇಬಿಟ್ಟಳು.

ಬಿಳಿ ಗೋಡೆ ಹತ್ತಿರ ಬಂತು. ಚಾಂದಬಿ ಬಾಗಿಲ ಹೊರಗೆ ಕೈಹಾಕಿ ಹಳೆಯ ಲಯದಲ್ಲೇ ಬಡಿದಳು. "ಖಾಲಿ ಐತಿ, ಹೋಗ್ರಿ!"

ಕಾಲು ಎದ್ದಿತು.

ಎರಡನೆಯ ಸಲ, ಮೂರನೆಯ ಸಲ. ನಾಲ್ಕನೆಯ ಸಲ ಅವಳು ಬಾಗಿಲು ಬಡಿಯುವುದನ್ನು ನಿಲ್ಲಿಸಿ ಗಂಡನ ಕಡೆ ತಿರುಗಿದಳು. "ನಾ ಖಾಲಿ ಅಂದಮ್ಯಾಲ ನೀವು ಯಾವತ್ತೂ ನಿಂತವರಲ್ಲ. ಏನ ಕಾಣಾಕತ್ತೈತಿ ನಿಮಗ ಅಲ್ಲಿ?"

ಅವನು ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಪಟ್ಟಿಯ ಕೊಂಡಿ ಬಿಚ್ಚಿದ. ಈ ಮಾತು ಯಂತ್ರದ ಕಿವಿಗೆ ಬೀಳುವುದು ಅವನಿಗೆ ಬೇಡವಾಗಿತ್ತು.

"ಅವತ್ತು ನಂಗ ಕಂಡಿತ್ತು ಚಾಂದ."

ಅವಳಿಗೆ ಅರ್ಥವಾಗಲಿಲ್ಲ.

"ಟೆಂಪೊ ಕಂಡಿತ್ತು. ಎಡಗನ್ನಡ್ಯಾಗ, ಸ್ವಚ್ಛ. ಲೈಟ್ ಹೊಡಕೋಂತ ಏರಿ ಬರಾಕತ್ತಿತ್ತು. ಗಾಡಿ ತುಂಬ ಸಿಮೆಂಟಿತ್ತು, ಮುಂದ ಏರು. ಕಾಲು ತಗದ್ರ ದಮ್ಮು ಹೋಗ್ತೈತಿ, ಮತ್ತ ಸಣ್ಣ ಗೇರಿಗೆ ಬಂದು ತೆವಳಬೇಕು. ಮೇನ್ ರೋಡ್ ನಂದು, ನಿಲ್ಲೂದಾದ್ರ ಅವ ನಿಲ್ಲಲಿ ಅಂದೆ. ಕಾಲು ಇನ್ನೂ ಒತ್ತಿದೆ. ಅವ ಅಂತ ನಂಗ ಗೊತ್ತಿರಲಿಲ್ಲ ಚಾಂದ, ಅಲ್ಲಾನ ಆಣಿ. ಆಮ್ಯಾಲ ಹಾರ್ನ್ ಕೇಳಸ್ತು. ಎರಡು ಸಣ್ಣದು, ಒಂದು ಉದ್ದ."

ಚಾಂದಬಿಯ ಕೈ ಬಾಯಿಗೆ ಹೋಯಿತು. ಆ ಹಾರ್ನು ಓಣಿಗೆಲ್ಲ ಗೊತ್ತಿತ್ತು. ಅಕ್ಕನ ಮನೆ ಮುಂದೆ ಹಾದರೂ, ಮಾಮಾ ಎಂದು ಕರೆಯುತ್ತಿದ್ದ ಭಾವನ ಲಾರಿ ಹೆದ್ದಾರಿಯಲ್ಲಿ ಸಿಕ್ಕರೂ ರಾಜೇಸಾ ಹಾಗೆಯೇ ಹಾರ್ನು ಹೊಡೆಯುತ್ತಿದ್ದ.

"ಅಷ್ಟೊತ್ತಿಗೆ ಬ್ರೇಕ್ ತುಳದೆ. ಹಿಂದಿನ ಲೋಡು ಕೇಳಲಿಲ್ಲ. ಪೊಲೀಸರಿಗೆ ಕಾಣಲಿಲ್ಲ ಅಂದೆ. ನಿನಗೂ ಅದನ್ನ ಅಂದೆ."

ಪಕ್ಕದಲ್ಲಿ ಬೇರೆ ಲಾರಿಗಳು, ಅವನದೇ ಕಾಲಿನ ಲಾರಿಗಳು, ಒಂದೊಂದಾಗಿ ಬಂದು, ನಿಧಾನಿಸಿ, ಕಾದು ಹೋಗುತ್ತಿದ್ದವು. ಚಾಂದಬಿ ಎಡಗನ್ನಡಿಯನ್ನೇ ನೋಡುತ್ತಿದ್ದಳು.

"ನಿಲ್ಲಾಂವ ಅಲ್ಲ ಅವ," ಎಂದಳು ಕೊನೆಗೆ. ಧ್ವನಿ ಅವಳದಲ್ಲ ಎಂಬಂತಿತ್ತು. "ನನ್ನ ಗೊಂಡೆ ನೋಡಿ ಬಂದಾನ. ಮಾಮಾನ ಗಾಡಿ, ಜಾಗ ಕೊಟ್ಟ ಕೊಡ್ತಾನ ಅಂತ ಬಂದಾನ."

ಅವನು ಈ ಮಾತನ್ನು ಹತ್ತೊಂಬತ್ತು ವರ್ಷ ತನ್ನೊಳಗೇ ಹೂತಿಟ್ಟುಕೊಂಡಿದ್ದ. ಅವಳ ಬಾಯಿಂದಲೇ ಅದು ಬಂದಾಗ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತ. ಅವಳು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಬಾಗಿಲು ತೆಗೆದು ಇಳಿದು, ಸರ್ವಿಸ್ ರಸ್ತೆಗುಂಟ ನಡೆದು ಹೋಗಿ ಬಸ್ಸು ಹತ್ತಿದಳು.

ಸಂಜೆ ಅವನು ಮನೆಗೆ ಬಂದಾಗ ತಾಟಿನಲ್ಲಿ ರೊಟ್ಟಿ, ಪಲ್ಯ, ಪಕ್ಕದಲ್ಲಿ ನೀರು. ಎಲ್ಲ ಎಂದಿನಂತೆಯೇ. ಬಡಿಸಿದವಳು ಮಾತ್ರ ಒಳಗಿನ ಕೋಣೆಯಲ್ಲಿ ಬೆನ್ನು ಹಾಕಿ ಕುಳಿತಿದ್ದಳು. ಅವನು ರೊಟ್ಟಿ ಮುರಿದ, ಮುರಿದದ್ದನ್ನು ಹಾಗೇ ಇಟ್ಟ.

ಬೆಳಿಗ್ಗೆ ತೇಜಸ್ವಿನಿಯ ಫೋನು ಬಂತು. ಇನ್ನೆರಡು ದಿನದಲ್ಲಿ ಆಗದಿದ್ದರೆ ಅವನ ಕಾಲನ್ನು ಎಲ್ಲ ಲಾರಿಗಳಿಂದಲೂ ತೆಗೆದುಹಾಕಿ ಹಳೆಯ ಸರಾಸರಿಯನ್ನೇ ತುಂಬುತ್ತಾರಂತೆ. ಮೇಲಿನವರ ಅಪ್ಪಣೆ. "ಹಂಗಾದ್ರ ಎಲ್ಲಾ ರ್‍ಯಾಂಪಿನ್ಯಾಗೂ ಮಂದಿ ಸಾಯ್ತಾರ ಕಾಕಾ," ಎಂದಳು. ಫೋನಿನ ದನಿ ಅಡುಗೆಮನೆಯ ತನಕ ಕೇಳುತ್ತಿತ್ತು.

ಅವನು ಫೋನಿಟ್ಟ. ಚಾಂದಬಿ ಬಾಗಿಲಲ್ಲಿ ಬಂದು ನಿಂತಳು. ಅವಳ ಕಣ್ಣುಗಳು ಬಾತು ಹೋಗಿದ್ದವು.

"ಆ ನರ್ಸಿನ ಹೆಸರೇನು?"

"ಗೊತ್ತಿಲ್ಲ."

"ಕೇಳಿ ತಿಳಕೋಬೇಕಿತ್ತು. ಆಕೀಗೂ ಅಣ್ಣ ತಮ್ಮ ಇದ್ದಾರು." ಸೆರಗು ಸಿಕ್ಕಿಸಿಕೊಂಡಳು. "ನಾ ನಿಮ್ಮನ್ನ ಮಾಫ್ ಮಾಡೀನಿ ಅಂತ ತಿಳೀಬ್ಯಾಡ್ರಿ. ನಂದಿನ್ನೂ ಮುಗದಿಲ್ಲ. ಹತ್ತೊಂಬತ್ತು ವರ್ಷ ದಿನಾ ಅವಂಗ ಜಾಗ ಬಿಟ್ಕೋಂತ ಬಂದೀರಿ. ಬಿಡಬೇಕಾದ ಆ ಒಂದು ದಿನ ಬಿಡಲಿಲ್ಲ. ನಡೀರಿ, ಗಾಡಿ ತಗೀರಿ."

ಮಾವಿನಕೊಪ್ಪದಲ್ಲಿ ಪೊಲೀಸರು ಅಂದೂ ರ್‍ಯಾಂಪು ಮುಚ್ಚಿಸಿದ್ದರು. ಲಾರಿ ಹತ್ತಿದ ಮೇಲೆ ಅವಳು ಚೀಲದಿಂದ ಒಂದು ಹಸಿರು ಗೊಂಡೆ ತೆಗೆದಳು. ಬಣ್ಣ ಮಾಸಿತ್ತು, ಒಂದು ಕಡೆ ಸುಟ್ಟಂತೆ ಕಪ್ಪಾಗಿತ್ತು. ಒಡೆದ ಕನ್ನಡಿಯ ಜೊತೆ ಅಂದು ಪೊಲೀಸರು ಹಿಂದಿರುಗಿಸಿದ್ದು. ಅದನ್ನು ಕನ್ನಡಿಗೆ ಕಟ್ಟದೆ ತೊಡೆಯ ಮೇಲಿಟ್ಟುಕೊಂಡಳು.

ಬಿಳಿ ಗೋಡೆ ಕಂಡಿತು. ಎಡಗನ್ನಡಿಯಲ್ಲಿ ರ್‍ಯಾಂಪು ಬಿದ್ದಿತ್ತು, ಬಿಸಿಲಿಗೆ ಬೆಳ್ಳಗೆ. ಚಾಂದಬಿ ಬಾಗಿಲು ಬಡಿಯಲಿಲ್ಲ, ಖಾಲಿ ಎನ್ನಲಿಲ್ಲ. ಕನ್ನಡಿಯಲ್ಲಿ ತುಸು ಹೊತ್ತು, ಅವನಿಗೋಸ್ಕರವೆಂಬಂತೆ, ಕೂಲಂಕಷವಾಗಿ ನೋಡಿದಳು.

"ಹೋಗ್ರಿ," ಎಂದಳು. "ಅವ ಬರಂಗಿಲ್ಲ."

ಕಾಲು ಏಳಲಿಲ್ಲ. ಲಾರಿ ಅರವತ್ತರಲ್ಲೇ ಗೋಡೆಯನ್ನು ದಾಟಿತು. ಮೌಲಾಸಾಬನ ಬಾಯಿಂದ ಒಂದು ಸದ್ದು ಹೊರಟಿತು. ಅದು ಅಳುವೋ ಕೆಮ್ಮೋ ಅವನಿಗೇ ತಿಳಿಯಲಿಲ್ಲ. ಮುಂದಿನ ಕೆಳಸೇತುವೆಯಲ್ಲಿ ತಿರುಗಿ ಮತ್ತೆ ಬಂದರು. ಹತ್ತೂ ಸಲ ಅವಳು ಅದೇ ಮಾತು ಹೇಳಿದಳು. ಹೇಳಿದಷ್ಟು ಸಲವೂ ಅವಳ ದನಿ ಸಣ್ಣದಾಗುತ್ತ ಬಂತು. ಹತ್ತನೆಯ ಸಲ ಬರಿಯ ತುಟಿ ಅಲ್ಲಾಡಿತು.

ಹನ್ನೊಂದನೆಯ ಸಲ ತೇಜಸ್ವಿನಿ, ಹೇಳದೆ ಕೇಳದೆ, ರ್‍ಯಾಂಪಿನ ಮೇಲೆ ನಿಜವಾದ ಒಂದು ಟೆಂಪೊ ಕಳಿಸಿದಳು. ಪರೀಕ್ಷೆಯ ಕೊನೆಯ ಭಾಗ ಅದು. ಮೌಲಾಸಾಬ್ ಅದರ ಮುಂದಿನ ಗಾಲಿ ನೋಡಿದ, ಕಾಲು ತಾನಾಗಿಯೇ ಎದ್ದಿತು, ಜಾಗ ಬಿತ್ತು. ಟೆಂಪೊ ಆರಾಮಾಗಿ ಒಳಗೆ ಬಂದು ಸೇರಿತು. ಅದರ ಡ್ರೈವರು ಕಿಟಕಿಯಿಂದ ಕೈ ಬೀಸಿ ಹೋದ. ಬದುಕಿದ್ದವನು, ಯಾರೋ ಗುರುತಿಲ್ಲದವನು.

"ಆತು ಕಾಕಾ," ಎಂದಳು ತೇಜಸ್ವಿನಿ ರೇಡಿಯೊದಲ್ಲಿ. ಎಲ್ಲ ಕೇಳದಿದ್ದರೂ ಅವಳಿಗೆ ಏನೋ ಒಂದು ತಿಳಿದಿರಬೇಕು. "ಎರಡು ತಾಸಿನ್ಯಾಗ ಎಲ್ಲಾ ಗಾಡಿಗೂ ಹೋಗ್ತದ."

ಗಂಡ ಹೆಂಡತಿ ಮನೆಗೆ ಹೋಗಲಿಲ್ಲ. ರ್‍ಯಾಂಪಿನ ಪಕ್ಕದಲ್ಲಿ ಹೆದ್ದಾರಿಯ ಮೇಲಿಂದ ದಾಟುವ ಕಾಲುಸೇತುವೆ ಇತ್ತು. ಮೆಟ್ಟಿಲೇರಿ ಹೋಗಿ ಕಟಾಂಜನ ಹಿಡಿದು ನಿಂತರು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಂತಿದ್ದಳು ಅವಳು.

ಕೆಳಗೆ ಲಾರಿಗಳು ಬರುತ್ತಿದ್ದವು. ಮಧ್ಯಾಹ್ನದ ತನಕ ಒಂದೊಂದೂ ಗೋಡೆಯ ಹತ್ತಿರ ನಿಧಾನಿಸಿ ಆರು ಸೆಕೆಂಡು ಕಾದವು. ರಾಜೇಸಾನಿಗಾಗಿ ಇಷ್ಟೊಂದು ಲಾರಿ ಕಾಯುತ್ತಿದ್ದವೆಂದು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ಒಂದೊಂದು ಲಾರಿ ನಿಧಾನವಾದಾಗಲೂ ಅವಳ ಕೈ ಕಟಾಂಜನದ ಮೇಲೆ ಬಿಗಿಯಾಗುತ್ತಿತ್ತು.

ಎರಡು ಗಂಟೆಯ ಸುಮಾರಿಗೆ ಈರುಳ್ಳಿ ತುಂಬಿದ ಒಂದು ಲಾರಿ ಬಂತು. ನಿಧಾನವಾಗಲಿಲ್ಲ. ಗೋಡೆಯ ಪಕ್ಕದಲ್ಲಿ ಭರ್ರನೆ ಹೋಗಿಯೇಬಿಟ್ಟಿತು. ಅದರ ಹಿಂದಿನದೂ ಹಾಗೇ. ಆಮೇಲೆ ಸಾಲುಸಾಲು. ಹಿಂದಿನ ಕಾರು, ಬೈಕು, ಬಸ್ಸು ಎಲ್ಲ ಎಡವದೆ ಹರಿದು ಹೋದವು. ಒಬ್ಬ ಹೆಣ್ಣುಮಗಳು ಸ್ಕೂಟರಿನ ಮೇಲೆ, ಯಾರ ಹಂಗೂ ಇಲ್ಲದೆ, ದುಪ್ಪಟ್ಟಾ ಹಾರಿಸುತ್ತ ಹೋದಳು.

ಚಾಂದಬಿ ಗೊಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡಳು.

"ಈಗ ಸತ್ತ ನೋಡ್ರಿ," ಎಂದಳು. "ನನ್ನ ತಮ್ಮ ಈಗ ಖರೇನ ಸತ್ತ."

ಅಷ್ಟು ಹೇಳಿ ಕುಸಿದು ಕುಳಿತು, ಹತ್ತೊಂಬತ್ತು ವರ್ಷದ ಹಿಂದೆ ಗಂಡನಿಗೆ ಅನ್ನ ಉಣಿಸುವ ಗಡಿಬಿಡಿಯಲ್ಲಿ ಅಳದೇ ಉಳಿದ ಅಳುವನ್ನು ಈಗ ಬಾಯಿಬಿಟ್ಟು ಅಳತೊಡಗಿದಳು. ಮೌಲಾಸಾಬ್ ಅವಳ ಕಡೆ ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿದ. ತನಗೆ ಆ ಹಕ್ಕಿಲ್ಲವೆಂದು ಅವನಿಗೆ ಗೊತ್ತಿತ್ತು. ಅವಳು ಅತ್ತು ಮುಗಿಸುವ ತನಕ ಅವನು ಅಲ್ಲೇ, ಎಡಗಡೆ, ಅವಳಿಗೆ ಜಾಗ ಬಿಟ್ಟು ಕಾಯುತ್ತ ನಿಂತ.